ಕೂಸಿನ ಕೆನ್ನೆಗೆ ತಾಗುವ ನೂಲು

ಜನವರಿ ೧೮

ಪ್ರೀತಿಯ ಹುಡುಗಿಗೆ,

ಹೇಗಿದ್ದೀಯ? ನೀನೂ ನನ್ನ ಮಗನೂ ಬೇರೆಯಾದ ಮೇಲೆ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಇಷ್ಟು ತಡ ಮಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಫೋನ್ ಮಾಡಬಹುದಿತ್ತು. ಆದರೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಜನ್ಮವಿಡೀ ಬೇರೆಯವರ ಮಾತಿಗೆ ತಂತಿ ಜೋಡಿಸಿದವಳು ನಾನು; ನನ್ನದೇ ಸರದಿ ಬಂದರೆ ನಾಲಿಗೆ ಏಳುವುದಿಲ್ಲ. ಕಾಗದವಾದರೆ ಬರೆದದ್ದನ್ನು ಹೊಡೆದುಹಾಕಬಹುದು.

ಮೊದಲು ನಮ್ಮ ಸಂಘದ ಸುದ್ದಿ. ಮಂಗಳವಾರದ ಮಧ್ಯಾಹ್ನಗಳು ನೀನಿದ್ದಾಗಿನ ಹಾಗೆಯೇ ನಡೆದಿವೆ. ಗ್ರಂಥಾಲಯದ ಹಿಂದಿನ ಕೋಣೆ, ಕಾಲು ಕುಂಟುವ ಅದೇ ಉದ್ದನೆಯ ಮೇಜು, ಅದೇ ಹರಟೆ. ಮನೆಯಿಲ್ಲದವರ ವಸತಿಗೆ ಕಂಬಳಿ, ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಕುಲಾವಿ, ಕಾಲುಚೀಲ, ಪುಟ್ಟ ಹೊದಿಕೆ. ನೀನು ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದ ದಿನ ನನಗೆ ಕ್ರೋಶಾ ಕಡ್ಡಿ ಹಿಡಿಯಲೂ ಬರುತ್ತಿರಲಿಲ್ಲ. ಈಗ ನೋಡು, ನೂಲು ಆರಿಸಿ ತರುವ ಯಜಮಾನಿಕೆ ನನ್ನ ತಲೆಗೇ ಕಟ್ಟಿದ್ದಾರೆ.

ಅದಕ್ಕೊಂದು ಕಾರಣ ಇದೆ. ಹೂವಿನ ಅಂಗಡಿಯಾಕೆ ಗೊತ್ತಲ್ಲ, ಕಂಬಳಿ ಅಂದ ಮೇಲೆ ಅಪ್ಪಟ ಉಣ್ಣೆಯೇ ಆಗಬೇಕು ಎಂದು ಪಟ್ಟು ಹಿಡಿದಳು. ಎಲ್ಲರೂ ಸೇರಿ ಒಂದು ಭಾರಿ ಕಂಬಳಿ ಹೆಣೆದು ವಸತಿಗೆ ಕೊಟ್ಟೆವು. ಅಲ್ಲಿ ಬಟ್ಟೆ ಒಗೆಯುವವರಿಗೆ ಉಣ್ಣೆಯೂ ಒಂದೇ, ಗೋಣಿಯೂ ಒಂದೇ. ಕುದಿಯುವ ನೀರಿಗೆ ಹಾಕಿ ತಿರುವಿದರು. ನಮ್ಮ ಕಂಬಳಿ ಮುದುಡಿ ಬಿಸಿ ಪಾತ್ರೆ ಇಳಿಸುವ ಬಟ್ಟೆಯಂತಾಗಿ ವಾಪಸು ಬಂತು. ಹೂವಿನವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತಲೆಯ ಮೇಲಿಟ್ಟುಕೊಂಡು, "ಟೋಪಿ ಅಂತ ಕೊಟ್ಬಿಡೋಣ್ವಾ?" ಎಂದಳು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಅಂದಿನಿಂದ ಕಂಬಳಿಗೆ ಅಕ್ರಿಲಿಕ್ ನೂಲೇ. ಹೇಗೆ ಒಗೆದರೂ ಜಗ್ಗುವುದಿಲ್ಲ, ಕುಗ್ಗುವುದಿಲ್ಲ.

ಕೂಸುಗಳದ್ದು ಬೇರೆಯೇ ಲೆಕ್ಕ. ಹೆರಿಗೆ ವಾರ್ಡಿನ ನರ್ಸಮ್ಮ ಒಮ್ಮೆ ಬಂದು ಮೇಜಿನ ಮೇಲಿದ್ದ ಅರ್ಧ ನೂಲನ್ನು ಪಕ್ಕಕ್ಕೆ ತಳ್ಳಿದರು. "ಈ ಜೂಲುಜೂಲು ಇರೋದು ಬೇಡ, ಎಳೆ ಕಿತ್ತು ಮೂಗಿಗೆ ಹೋಗತ್ತೆ. ದೊಡ್ಡ ದೊಡ್ಡ ತೂತು ಬಿಡಬೇಡಿ, ಬೆರಳು ಸಿಕ್ಕೊಳತ್ತೆ. ಚಂದ ನಿಮ್ಮ ಕಣ್ಣಿಗೆ, ಚುಚ್ಚೋದು ಅವಕ್ಕೆ" ಎಂದರು. ಹಾಗಾಗಿ ಈಗ ಅಂಗಡಿಗೆ ಹೋದರೆ ಪ್ರತಿ ಉಂಡೆಯನ್ನೂ ಕುತ್ತಿಗೆಗೆ ತಿಕ್ಕಿ ನೋಡುತ್ತೇನೆ. ಕೈಗೆ ಮೆತ್ತಗೆನಿಸಿದ್ದು ಕತ್ತಿಗೆ ಕಚ್ಚುತ್ತದೆ. ನೋಡಿದವರು ಮುದುಕಿಗೆ ಏನೋ ತುರಿಕೆ ಎಂದುಕೊಳ್ಳುತ್ತಾರೋ ಏನೋ.

ಹೋದ ವಾರ ಹಾಗೆ ತಿಕ್ಕಿಕೊಳ್ಳುತ್ತ ನಿಂತಿದ್ದಾಗಲೇ ಅಂಗಡಿಯ ದಾರದ ತಾತ ಬಾಯಿ ತುಂಬ ನಗುತ್ತ ಹತ್ತಿರ ಬಂದರು. "ಏನಮ್ಮಾ, ಇಷ್ಟು ದೊಡ್ಡ ಸುದ್ದಿ ಮುಚ್ಚಿಟ್ಟಿದ್ದೀರಿ? ನಿಮ್ಮ ಸೊಸೆ ಬಂದಿದ್ಲು. ಹಸುಗೂಸಿಗೆ ಅಂತ ಹಳದಿ ಹತ್ತಿ ನೂಲು ತಗೊಂಡು ಹೋದ್ಲು. ಅಜ್ಜಿ ಆಗ್ತಿದ್ದೀರಲ್ಲ!"

ಪಾಪ, ಅವರಿಗೆ ಏನೂ ಗೊತ್ತಿಲ್ಲ. ನಾವಿಬ್ಬರೂ ಜೊತೆಯಾಗಿ ಆ ಬಾಗಿಲು ಹೊಕ್ಕು ಬಣ್ಣಕ್ಕಾಗಿ ಜಗಳವಾಡುತ್ತಿದ್ದುದಷ್ಟೇ ಗೊತ್ತು. ಅವಳು ಈಗ ನನ್ನ ಸೊಸೆಯಲ್ಲ, ಬೇರೆ ಮದುವೆಯಾಗಿದ್ದಾಳೆ ಎಂದು ಹೇಳಬೇಕಿತ್ತು. ನಾನು "ಹೂಂ, ಆಗ್ತಿದ್ದೀನಿ" ಎಂದುಬಿಟ್ಟೆ. ಅವರು ಖುಷಿಯಿಂದ ಒಂದು ಜೊತೆ ಗುಂಡಿಗಳನ್ನು ನನ್ನ ಚೀಲಕ್ಕೆ ಹಾಕಿದರು, ಮಗುವಿನ ಅಂಗಿಗೆ ಅಂತ. ಬೀದಿಗೆ ಬಂದ ಮೇಲೆ ಕಾಲು ಎತ್ತ ಹೋಗುತ್ತಿದೆ ಎಂಬುದೇ ತಿಳಿಯಲಿಲ್ಲ. ಬಸ್ ನಿಲ್ದಾಣ ದಾಟಿ ಬಹಳ ದೂರ ಹೋಗಿದ್ದೆ.

ನನಗೆ ಮೊದಲು ಬಂದದ್ದು ಸಂತೋಷವೇ, ನಂಬು. ನೀವಿಬ್ಬರೂ ಜಗಳವಾಡಿ ಬೇರೆಯಾದವರಲ್ಲ. ನಿಮ್ಮ ನಡುವೆ ಜಗಳವೂ ಇರಲಿಲ್ಲ, ಮಾತೂ ಇರಲಿಲ್ಲ. ಊಟದ ಮೇಜಿನಲ್ಲಿ ಮೂವರು ಕೂತರೆ ಮಾತಾಡುತ್ತಿದ್ದವರು ನಾವಿಬ್ಬರೇ. ನೀನು ಎಲ್ಲಿದ್ದರೂ ನಗುತ್ತಿರಬೇಕು ಎಂದೇ ನಾನು ಅಂದುಕೊಂಡದ್ದು.

ಒಂದೇ ಮಾತು ಕೇಳಬೇಕಿತ್ತು. ಆ ಮಗುವಿಗೆ ಒಂದು ಕಂಬಳಿ ಹೆಣೆಯಲೇ? ಬೇಡ ಎಂದರೆ ಬೇಡ, ನೊಂದುಕೊಳ್ಳುವುದಿಲ್ಲ. ಗುರುತು ಪರಿಚಯವಿಲ್ಲದ ಕೂಸುಗಳಿಗೆಲ್ಲ ಹೆಣೆಯುತ್ತೇನೆ, ಅವುಗಳಲ್ಲಿ ಇದೂ ಒಂದು ಎಂದುಕೊ. ಅಂದ ಹಾಗೆ, ನೀನು ತೆಗೆದುಕೊಂಡ ಹಳದಿ ನೂಲು ಕುಲಾವಿಗೆ ಸರಿ. ಕಂಬಳಿಗೆ ಬೇಡ. ಬರೀ ಹತ್ತಿ ಒದ್ದೆಯಾದರೆ ಕಲ್ಲಿನಂತೆ ಭಾರ, ಒಣಗಿದರೆ ಜೋತು ಬೀಳುತ್ತದೆ. ಹತ್ತಿಗೆ ಸ್ವಲ್ಪ ಅಕ್ರಿಲಿಕ್ ಬೆರೆತದ್ದು ಸಿಕ್ಕಿದರೆ ನೋಡು.

ಹೊತ್ತು ಹೊತ್ತಿಗೆ ಊಟ ಮಾಡು. ಎತ್ತರದ ಕಪಾಟಿಗೆ ಕೈ ಚಾಚಬೇಡ. ಸುಖವಾಗಿರು.

ಇಂತು,
ನಿನ್ನ ಒಳಿತು ಬಯಸುವ ಹಳೇ ಜೊತೆಗಾತಿ


ಮಾರ್ಚ್ ೨

ಪ್ರೀತಿಯ ಹುಡುಗಿಗೆ,

ನಿನ್ನ ಉತ್ತರ ಬಂದು ಬಹಳ ದಿನವಾಯಿತು. ಬೆರಳು ಊದಿಕೊಂಡಿತ್ತು, ಕಡ್ಡಿಗೂ ಪೆನ್ನಿಗೂ ಒಟ್ಟಿಗೆ ಒಗ್ಗಲಿಲ್ಲ. ಕಡ್ಡಿಯನ್ನೇ ಆರಿಸಿಕೊಂಡೆ, ಕ್ಷಮಿಸು. "ನಿಮಗೆ ಹೇಗೆ ಹೇಳಲಿ ಅಂತ ಗೊತ್ತಾಗದೆ ಸುಮ್ಮನಿದ್ದೆ, ನೀವಲ್ಲದೆ ಇನ್ಯಾರು ಹೆಣೆಯಬೇಕು" ಎಂದು ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಲ ಓದಿದೆನೆಂದು ಕೇಳಬೇಡ. ನೀನು ಹೆಣೆದ ಕುಲಾವಿ ಮೂಲಂಗಿಯ ಹಾಗೆ ಮೊನಚಾಗಿದೆಯಂತೆ. ಇರಲಿ ಬಿಡು, ತಲೆ ಬೆಳೆದಂತೆ ಅದೂ ದುಂಡಗಾಗುತ್ತದೆ.

ನಿನ್ನ ಮನೆಯವರು ನೂಲು ತಂದುಕೊಟ್ಟ ದಿನದ ಕಥೆಯನ್ನು ಅವರೆಷ್ಟು ಹೇಳಿದರೋ ಗೊತ್ತಿಲ್ಲ. ನನ್ನ ಬಾಯಿಂದಲೂ ಕೇಳು.

ಬಾಗಿಲಲ್ಲಿ ನಿಂತವರು ಚೀಲವನ್ನು ಎದೆಗೆ ಅವಚಿಕೊಂಡು, "ಕನ್ನಡಕದ ಅಂಗಡಿ ಇಟ್ಕೊಂಡಿದ್ದೀನಿ... ಅವಳ..." ಎಂದು ತಡವರಿಸಿದರು. "ಗೊತ್ತಾಯ್ತು, ಒಳಗೆ ಬಾಪ್ಪಾ" ಎಂದೆ. ನೂಲು ತೆಗೆದು ನೋಡಿದರೆ ಚೆಂದದ ಕೆನೆ ಬಿಳಿ. ಕತ್ತಿಗೆ ತಿಕ್ಕಿದೆ, ಬೆಕ್ಕಿನ ಕಿವಿಯಷ್ಟು ನಯ. ಆದರೆ ಉಂಡೆಯಲ್ಲ, ಉದ್ದುದ್ದ ಲಡಿ! ಹಾಗೇ ಹೆಣೆಯಲು ಕೂತರೆ ಸಿಕ್ಕು ಬಿಡಿಸುವುದರಲ್ಲೇ ಮಗುವಿಗೆ ಹಲ್ಲು ಬಂದಿರುತ್ತದೆ. "ಅರ್ಜೆಂಟ್ ಏನಾದ್ರೂ ಇದೆಯಾ?" ಎಂದೆ. "ಇಲ್ಲಮ್ಮ" ಎಂದರು. ಕುರ್ಚಿಯಲ್ಲಿ ಕೂರಿಸಿ, ಎರಡೂ ಕೈ ಮುಂದೆ ಚಾಚಿಸಿ, ಲಡಿಯನ್ನು ಮುಂಗೈಗಳಿಗೆ ಹಾಕಿ ಉಂಡೆ ಸುತ್ತತೊಡಗಿದೆ.

ಅಷ್ಟರಲ್ಲಿ ನನ್ನ ಮಗ ಬಂದ. ಯಾವುದೋ ಕಟ್ಟಡದ ಲಿಫ್ಟ್ ರಿಪೇರಿ ಬೇಗ ಮುಗಿದಿತ್ತಂತೆ. ಮೈಯೆಲ್ಲ ಗ್ರೀಸು. ನಡುಮನೆಯಲ್ಲಿ ಅಪರಿಚಿತನೊಬ್ಬ ಬೇಡಿ ಹಾಕಿಸಿಕೊಂಡವನ ಹಾಗೆ ಕೈ ಚಾಚಿ ಕೂತಿದ್ದಾನೆ. ನಿನ್ನ ಮನೆಯವರು ಎದ್ದು ನಿಲ್ಲಲು ಹೋದರು, ನಾನು "ಏಳ್ಬೇಡಿ, ಸಿಕ್ಕಾಗತ್ತೆ!" ಎಂದು ಗದರಿದೆ. ಪಾಪ, ಕೂತರು.

"ಇವರ್ಯಾರಮ್ಮ?" ಎಂದ ಮಗ.

ನಾನು ಹೇಳಿದೆ. ಸುತ್ತಿ ಬಳಸಿ ಹೇಳುವುದಕ್ಕೆ ಏನಿತ್ತು? ಅವಳ ಗಂಡ, ಹುಟ್ಟುವ ಮಗುವಿಗೆ ನೂಲು ತಂದಿದ್ದಾರೆ ಎಂದೆ.

ಮಗ ಚಪ್ಪಲಿ ಬಿಟ್ಟ, ಕೈ ಒರೆಸಿಕೊಂಡ. ಅವನು ಹತ್ತಿರ ಬಂದು ನಿನ್ನ ಮನೆಯವರ ಮೊಣಕೈ ನೋಡಿ, "ಸ್ವಲ್ಪ ಮೇಲೆತ್ತಿ ಹಿಡೀರಿ. ಇಳಿಬಿಟ್ರೆ ಅಮ್ಮ ಬೈತಾರೆ. ನಂಗೆ ಅಭ್ಯಾಸ ಇದೆ" ಎಂದ.

"ನೀವು ಎಷ್ಟು ಹೊತ್ತು ಹಿಡೀತಿದ್ರಿ?"

"ಮೂಗು ತುರಿಸೋವರೆಗೂ."

ನಿನ್ನ ಮನೆಯವರು ನಕ್ಕರು. ಆಮೇಲೆ ಅವರ ಮೂಗು ನಿಜವಾಗಿಯೂ ತುರಿಸತೊಡಗಿತು. ಮಗ ಚಹಾ ಮಾಡಿ ತಂದ. ಲೋಟವನ್ನು ಅವರ ಮುಂದೆ ಹಿಡಿದು, ಅವರ ಕೈ ಕಟ್ಟಿದೆಯೆಂದು ನೆನಪಾಗಿ, ಎರಡನೆಯ ಲಡಿಯನ್ನು ತನ್ನ ಕೈಗೆ ಹಾಕಿಸಿಕೊಂಡ. "ನೀವು ಚಹಾ ಕುಡೀರಿ" ಎಂದ. ಇಬ್ಬರೂ ಕನ್ನಡಕದ ಗಾಜು ಹೇಗೆ ಉಜ್ಜುತ್ತಾರೆ, ಲಿಫ್ಟಿನ ಹಗ್ಗ ಎಷ್ಟು ಭಾರ ಹೊರುತ್ತದೆ ಎಂದು ಮಾತಾಡಿದರು. ನಿನ್ನ ಸುದ್ದಿ ಇಬ್ಬರೂ ಎತ್ತಲಿಲ್ಲ.

ಅವರು ಹೋದ ಮೇಲೆ ಮಗ ಲೋಟ ತೊಳೆಯುತ್ತ, ಬೆನ್ನು ನನ್ನ ಕಡೆ ಇಟ್ಟುಕೊಂಡೇ, "ಒಳ್ಳೆಯವರು ಅನ್ಸತ್ತೆ" ಎಂದ. ಲೋಟ ಬೋರಲು ಹಾಕಿ, "ಬರೀ ಬಿಳಿ ಬೇಡಮ್ಮ. ಅವಳಿಗೆ ಬರೀ ಬಿಳಿ ಇಷ್ಟ ಇಲ್ಲ, ಆಸ್ಪತ್ರೆ ಥರ ಅಂತಾಳೆ" ಎಂದ. ಮಾರನೆಯ ದಿನ ಕೆಲಸದಿಂದ ಬರುವಾಗ ಒಂದು ಉಂಡೆ ಎಳೆ ಹಸಿರು ತಂದ. ಅಂಚಿಗೆ ಅದನ್ನೇ ಹಾಕುತ್ತಿದ್ದೇನೆ. ನಿನಗೆ ಹೇಳಬೇಡ ಎಂದಿದ್ದಾನೆ. ಹೇಳಿದ್ದೇನೆ. ನಮ್ಮಿಬ್ಬರಲ್ಲೇ ಇರಲಿ.

ಬೆನ್ನಿಗೆ ದಿಂಬು ಇಟ್ಟುಕೊಂಡು ಕೂರು. ಕೂಸು ಒದ್ದರೆ ನನ್ನ ಪರವಾಗಿಯೂ ಒಂದು ಸಲ ಸವರು.

ಇಂತು,
ನಿನ್ನ ಒಳಿತು ಬಯಸುವ


ಜೂನ್ ೯

ಪ್ರೀತಿಯ ಹುಡುಗಿಗೆ, ಪುಟ್ಟಮ್ಮನಿಗೆ,

ಇಬ್ಬರಿಗೂ ಒಂದೇ ಕಾಗದದಲ್ಲಿ ನನ್ನ ಮುದ್ದು. ಹೆಣ್ಣುಮಗು ಎಂದು ನರ್ಸಮ್ಮ ಫೋನಿನಲ್ಲಿ ಹೇಳಿದಾಗ ಕೂಗಿಕೊಂಡೆನಂತೆ. ಪಕ್ಕದ ಮನೆಯವರು ಬಂದು ಏನಾಯಿತೆಂದು ಕೇಳಿದರು. ಅಂದೇ ಬರೆಯಬೇಕಿತ್ತು. ಇಷ್ಟು ದಿನ ತಳ್ಳುತ್ತ ಬಂದೆ, ಬೈದುಬಿಡು.

ನರ್ಸಮ್ಮನ ಕೈಲಿ ಕೊಟ್ಟ ಚೀಲ ತಲುಪಿತು ಎಂದು ನಿನ್ನ ಮನೆಯವರು ಫೋನ್ ಮಾಡಿದ್ದರು. ಕಂಬಳಿಯಲ್ಲಿ ಸುತ್ತಿದ ಕೂಡಲೇ ಅಳು ನಿಂತಿತು ಎಂದರು. ಅದು ಹಾಲು ಕುಡಿದ ಹೊಟ್ಟೆಯ ಮಹಿಮೆ, ನನ್ನ ಕೈಯದ್ದಲ್ಲ. ಆದರೂ ಸಂಘದಲ್ಲಿ ಎಲ್ಲರಿಗೂ ಹೇಳಿಕೊಂಡು ಬೀಗಿದೆ. ಹೂವಿನವಳು, "ನಮ್ಮ ಉಣ್ಣೆ ಕಂಬಳಿನೂ ಅಳು ನಿಲ್ಸಿತ್ತು, ನಗು ಬರ್ಸಿ" ಎಂದಳು. ಒಗೆಯುವಾಗ ಉಗುರು ಬೆಚ್ಚಗಿನ ನೀರು ಸಾಕು, ಹಿಂಡಬೇಡ, ಚಾಚಿ ಹರವಿ ಒಣಗಿಸು. ಹಗ್ಗಕ್ಕೆ ನೇತು ಹಾಕಿದರೆ ಸೊಂಟ ಇಳಿಯುತ್ತದೆ. ಎಲ್ಲಿಯಾದರೂ ಎಳೆ ಬಿಟ್ಟರೆ ನೀನು ಕತ್ತರಿ ಹಾಕಲು ಹೋಗಬೇಡ, ನನಗೆ ಕಳಿಸು.

ಈಗ ವಾರ್ಡಿಗೆ ಇನ್ನೊಂದು ಕಟ್ಟು ಕುಲಾವಿ ಬೇಕಂತೆ. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗೆ, ಕಿತ್ತಳೆ ಹಣ್ಣಿನಷ್ಟು ತಲೆ. ಅಷ್ಟು ಚಿಕ್ಕದಕ್ಕೆ ತೆಳ್ಳನೆಯ ನೂಲೇ ಆಗಬೇಕು, ಹೊಲಿಗೆಯ ಗಂಟು ಒಳಗೆ ಬರಕೂಡದು. ಆರಿಸಲು ದಾರದ ತಾತನ ಅಂಗಡಿಗೆ ಹೋಗಿದ್ದೆ. ಈ ಸಲ ಅವರಿಗೆ ಎಲ್ಲವನ್ನೂ ಇದ್ದ ಹಾಗೆ ಹೇಳಿದೆ. ಅವರು, "ಹಾಗಾದ್ರೂ ಕಂಬಳಿ ನೀವೇ ತಾನೇ ಹೆಣೆದಿದ್ದು?" ಎಂದರು. ಹೌದು ಎಂದೆ. "ಮತ್ತೇನು" ಎಂದು ಉಂಡೆಗಳನ್ನು ಕೆಳಗಿಳಿಸಿದರು.

ನನ್ನ ಮಗ ಚೆನ್ನಾಗಿದ್ದಾನೆ. ಮೊದಲಿಗಿಂತ ಸ್ವಲ್ಪ ಮಾತಾಡುತ್ತಾನೆ. ಮಗು ಯಾರ ಹಾಗಿದೆ ಎಂದು ಕೇಳಿದ. ನೋಡಿಲ್ಲವಲ್ಲ, ಹೇಗೆ ಹೇಳಲಿ ಎಂದೆ.

ಆಸ್ಪತ್ರೆಗೆ ನೀವೇ ಯಾಕೆ ಬರಲಿಲ್ಲ ಎಂದು ನಿನ್ನ ಮನೆಯವರು ಕೇಳಿದಾಗ ಬೆನ್ನುನೋವು ಎಂದಿದ್ದೆ. ಈಗ ವಾಸಿಯಾಗಿದೆ.

ತಾಯಿ ಮಗಳು ನೂರು ಕಾಲ ನಗುನಗುತ್ತ ಬಾಳಿ. ಮಗು ಮಲಗಿದಾಗ ನೀನೂ ಮಲಗು, ಪಾತ್ರೆ ಎಲ್ಲಿಗೂ ಓಡಿಹೋಗುವುದಿಲ್ಲ.

ಇಂತು,
ನಿನ್ನ ಒಳಿತು ಬಯಸುವ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಬಿಟ್ಟದ್ದು. ಬೆನ್ನುನೋವು ಸುಳ್ಳು. ಅಂದು ನಾನು ಬಂದಿದ್ದೆ. ಚೀಲ ಹಿಡಿದುಕೊಂಡು ವಾರ್ಡಿನ ಬಾಗಿಲವರೆಗೂ ಬಂದಿದ್ದೆ. ಕಾವಲಿನವನು ಒಳ್ಳೆಯ ಹುಡುಗ, ಮರ್ಯಾದೆಯಿಂದಲೇ ಕೇಳಿದ: "ಹತ್ತಿರದ ಸಂಬಂಧಿಕರನ್ನ ಮಾತ್ರ ಬಿಡೋದಮ್ಮ. ಬಾಣಂತಿಗೆ ನೀವೇನಾಗ್ಬೇಕು? ತವರಿನ ಕಡೆಯವರೋ, ಗಂಡನ ಕಡೆಯವರೋ?" ಗಂಡನ ಕಡೆ ಎನ್ನಲು ಬಾಯಿ ತೆರೆದೆ. ಆ ಗಂಡ ಒಳಗೆ ನಿನ್ನ ಪಕ್ಕದಲ್ಲಿದ್ದರು, ನನ್ನ ಮಗ ಎಲ್ಲೋ ಲಿಫ್ಟಿನ ಹೊಂಡದೊಳಗಿದ್ದ. ನನ್ನ ಹಿಂದೆ ಜನ ಕಾಯುತ್ತಿದ್ದರು. "ಏನೂ ಆಗ್ಬೇಕಿಲ್ಲಪ್ಪ" ಎಂದು ಪಕ್ಕಕ್ಕೆ ಸರಿದೆ. ನರ್ಸಮ್ಮ ಆ ದಾರಿಯಲ್ಲಿ ಬರುವವರೆಗೆ ಬೆಂಚಿನ ಮೇಲೆ ಕೂತಿದ್ದು, ಚೀಲ ಕೊಟ್ಟು ಬಂದೆ. ನೀನೂ ನನ್ನ ಮಗನೂ ಬೇರೆಯಾದಾಗ ಬಂದವರೆಲ್ಲ ಅವನಿಗೆ ಸಮಾಧಾನ ಹೇಳಿದರು. ನಿನಗೂ ಯಾರಾದರೂ ಹೇಳಿರಬೇಕು. ನನ್ನ ಪಾಲಿಗೂ ಒಬ್ಬಳು ಮಗಳು ಮನೆ ಬಿಟ್ಟು ಹೋದಳು ಎಂಬುದು ಯಾರಿಗೂ ಹೊಳೆಯಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳಿದ್ದೇನೆ. ಬರುವ ಗುರುವಾರ ಮಗುವನ್ನು ನೋಡಲು ನಿನ್ನ ಮನೆಗೆ ಬರುತ್ತೇನೆ. ಬಾಗಿಲು ಮಾತ್ರ ನೀನೇ ಬಂದು ತೆಗೆ.