ಬೆಣೆಯ ದಪ್ಪ ಬದಿ

ಜನವರಿ 9, ಸಂಜೆ

ಮತ್ತೆ ಹಿಮ. ಅಂಗಡಿ ತೆರೆಯುವ ಮೊದಲೇ ಬಾಗಿಲಲ್ಲಿ ಇಬ್ಬರು ಡಚ್ಚರು — ಬಾಡಿಗೆ ಸ್ಕೀ ಬೂಟು ಕಚ್ಚುತ್ತದಂತೆ. ಕಾಲುಚೀಲದ ಮೇಲೆ ಕಾಲುಚೀಲ ಹಾಕಿದರೆ ಕಚ್ಚದೆ ಮುದ್ದಿಸುತ್ತದೆಯೇ. ಒಂದನ್ನು ಬಿಚ್ಚಿಸಿ ಕಳಿಸಿದೆ.

ಮಧ್ಯಾಹ್ನ ತಂಗಿ ಝೀಟಾ ಬಂದಳು. ಭಾನುವಾರ ಸ್ಕೀ ರೇಸ್. ಚೆನ್ನಾಗಿ ಇಳಿದರೆ ಟಿರೋಲ್ ಪ್ರಾಂತ್ಯದ ತಂಡಕ್ಕೆ ಮತ್ತೆ ಕರೆ ಬರಬಹುದು. ಅವಳ ವಯಸ್ಸಿಗೆ ಇದೇ ಕೊನೆಯ ಅವಕಾಶ. ಬಲಮಂಡಿ ಒಳಕ್ಕೆ ವಾಲುತ್ತದೆ. ಮಂಡಿಚಿಪ್ಪಿನಿಂದ ತೂಗುದಾರ ಬಿಟ್ಟೆ — ಗುಂಡು ಬೂಟಿನ ನಡುಗೆರೆಗೆ ಬರದೆ ಹೆಬ್ಬೆರಳಿನ ಕಡೆಗೆ ಬಂತು. ಅಟ್ಟೆಯಡಿ ತೆಳು ಬೆಣೆ ಕೂರಿಸಬೇಕು. ದಪ್ಪ ಬದಿ ಒಳಮಗ್ಗುಲಿಗೆ ಬಂದರೆ ಮಂಡಿ ನೆಟ್ಟಗಾಗುತ್ತದೆ. ಬೂಟು ಇಟ್ಟುಹೋಗು ಎಂದೆ.

ಜನವರಿ 11

ಅಂಗಡಿ ತುಂಬ ಜನ. ಗಿರಾಕಿಗಳ ನಡುವೆಯೇ ಬೆಣೆ ಕೂರಿಸಿ ಝೀಟಾಳ ಬೂಟು ಮುಗಿಸಿದೆ. ಹಾಕಿಸಿ ಇನ್ನೊಮ್ಮೆ ತೂಗುದಾರ ಬಿಡಬೇಕಿತ್ತು. ಅವಳಿಗೂ ಅವಸರ, ನನಗೂ.

ಜನವರಿ 12

ಕಡಿದಾದ ತಿರುವಿನಲ್ಲಿ ಝೀಟಾಳ ಬಲಗಾಲಿನ ಸ್ಕೀ ಹಿಮಕ್ಕೆ ಕಚ್ಚಿಕೊಂಡಿತು. ದೇಹ ಮುಂದೆ ಹೋಯಿತು, ಕಾಲು ಹೋಗಲಿಲ್ಲ. ಬೇಲಿಯ ಹತ್ತಿರವೇ ನಿಂತಿದ್ದೆ. ಹೆಲಿಕಾಪ್ಟರ್. ಇನ್ಸ್‌ಬ್ರುಕ್ ಆಸ್ಪತ್ರೆ. ಮಂಡಿಯ ಲಿಗಮೆಂಟ್ ಹರಿದಿದೆ.

ಕೋಚ್ ವೆಂಡೆಲಿನ್ ಅವಳ ಬೂಟುಗಳನ್ನು ತಂದುಕೊಟ್ಟ. "ಝೀಟಾ ಹೆದರ್ಕೊಂಡ್ಲು, ಬುರ್ಗಲ್. ಹೆದರಿದೋರು ಬೀಳ್ತಾರೆ" ಅಂದ. ತಲೆಯಾಡಿಸಿದೆ.

ಜನವರಿ 13

ಬೂಟು ಮಗುಚಿ ನೋಡಿದೆ. ದಪ್ಪ ಬದಿ ಹೊರಮಗ್ಗುಲಲ್ಲಿ. ಉಲ್ಟಾ. ವಾಲುವ ಮಂಡಿಯನ್ನು ನಾನೇ ಇನ್ನಷ್ಟು ಒಳಕ್ಕೆ ತಳ್ಳಿದ್ದೇನೆ.

ಸ್ಕ್ರೂ ಬಿಚ್ಚಿದೆ. ಬೆಣೆ ತಿರುಗಿಸಿದೆ. ಬಿಗಿದೆ. ಈಗ ಯಾರು ನೋಡಿದರೂ ಸರಿಯಾಗಿದೆ... ಥೂ.

ಜನವರಿ 24

ಬರೆಯಲು ಮನಸ್ಸಾಗಿರಲಿಲ್ಲ. ಝೀಟಾ ಹೆದರಿದಳು — ಬೇಕರಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಎಲ್ಲೆಲ್ಲೂ ಅದೇ ಮಾತು. ಅಮ್ಮನೂ ನಂಬಿದ್ದಾಳೆ. ನಾನು ಬಾಯಿ ಬಿಟ್ಟಿಲ್ಲ.

ಫೆಬ್ರವರಿ 2, ಮಧ್ಯಾಹ್ನ

ಝೀಟಾ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಸೂಪ್ ಮಾಡಿಕೊಂಡು ಹೋದೆ. ಅವಳು ಉಣ್ಣುವಾಗಲೇ ಹೇಳಿಬಿಟ್ಟೆ — ಉಲ್ಟಾ ಹಾಕಿದ್ದು, ಆಮೇಲೆ ತಿರುಗಿಸಿದ್ದು, ಎರಡನ್ನೂ.

ಚಮಚ ಕೆಳಗಿಟ್ಟಳು.

"ಪ್ರಾಕ್ಟೀಸಲ್ಲೇ ಏನೋ ಸರಿಯಿಲ್ಲ ಅನ್ನಿಸ್ತು ಅಕ್ಕಾ. ಬೂಟು ನೀನು ಮಾಡಿದ್ದಲ್ವಾ... ನನ್ನ ಕಾಲೇ ಸರಿಯಿಲ್ಲ ಅಂದ್ಕೊಂಡೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಊರೆಲ್ಲ ನನ್ನ ಪುಕ್ಕಲಿ ಅಂತಿದೆ. ಅದನ್ನೂ ಕೇಳಿಸ್ಕೊಂಡು ಸುಮ್ಮನಿದ್ಯಾ?"

ಹೂಂ ಅಂದೆ. ಮುಖ ಗೋಡೆಗೆ ತಿರುಗಿಸಿದಳು. ಸೂಪ್ ಹಾಗೇ ಆರಿತು.

ಫೆಬ್ರವರಿ 3

ಸ್ಕೀ ಕ್ಲಬ್ಬಿಗೆ ಹೋಗಿ ವೆಂಡೆಲಿನ್‌ಗೆ ಎಲ್ಲ ಹೇಳಿದೆ, ಹುಡುಗಿಯರೆಲ್ಲ ಕೇಳಿಸಿಕೊಳ್ಳುವ ಹಾಗೆ. ಒಬ್ಬಳು ನನ್ನಲ್ಲಿ ಬಿಟ್ಟಿದ್ದ ತನ್ನ ಬೂಟು ವಾಪಸ್ ಕೇಳಿದಳು. ಸರಿ ಅಂದೆ.

ಈಗ ತಾನೇ ಝೀಟಾಳ ಫೋನ್. ನಿಜವಾಗಿಯೂ ಎಲ್ಲರ ಮುಂದೆ ಹೇಳಿದೆಯಾ ಎಂದು ಕೇಳಿದಳು. ಹೇಳಿದೆ ಅಂದೆ. ಇನ್ನು ಇಟ್ಟುಬಿಡುತ್ತಾಳೆ ಅಂದುಕೊಂಡೆ. ಇಡಲಿಲ್ಲ. ಅವಳ ಉಸಿರು ಕೇಳುತ್ತಿತ್ತು. ನಾನೂ ಇಡದೆ ಕಿವಿಗೆ ಒತ್ತಿ ಹಿಡಿದುಕೊಂಡೆ.