ಫ್ಲೆಕ್ಸಿನಲ್ಲಿ ನಿಮ್ಮ ಫೋಟೋ

ಸುಬ್ರಹ್ಮಣ್ಯಪುರ, ಬೆಂಗಳೂರು
14 ಮೇ 2025, ಬುಧವಾರ

ರೀ,

ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಾ? ನನ್ನ ಸೀಮಂತಕ್ಕೆ ಅಂತ ಬಂದವರು, ರಜೆ ರದ್ದಾಯಿತು ಅಂತ ಫೋನ್ ಬಂದ ಕೂಡಲೇ ಎಲೆ ಮುಂದಿನಿಂದ ಎದ್ದು ಹೋದಿರಲ್ಲ, ಅವತ್ತಿನಿಂದ ನನಗೆ ಇದೊಂದೇ ಯೋಚನೆ. ಗುಂಡಿನ ಸದ್ದು ನಿಂತಿದೆ ಅಂತ ಟಿವಿಯವರು ಹೇಳುತ್ತಾರೆ. ನಿಮ್ಮ ಫೋನ್ ಮಾತ್ರ ಇನ್ನೂ ಸ್ವಿಚ್ ಆಫ್. ಭಾನುವಾರ ನಿಮ್ಮ ಸುಬೇದಾರ್ ಸಾಹೇಬರು ಫೋನ್ ಮಾಡಿದ್ದರು. ನೀವು ಕ್ಷೇಮವಂತೆ, ಗಡಿಯ ಪೋಸ್ಟಿಗೆ ಹೋದವರ ಫೋನೆಲ್ಲ ತೆಗೆದಿಟ್ಟಿದ್ದಾರಂತೆ, ಕಾಗದ ಬರೆದರೆ ತಲುಪುತ್ತದಂತೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ನಿಮ್ಮ ಕೂಸು ಹೊಟ್ಟೆಯೊಳಗೇ ಪರೇಡ್ ಶುರು ಮಾಡಿದೆ, ನನಗೆ ನಿದ್ದೆಯಿಲ್ಲ.

ಇನ್ನು ನಿಮ್ಮ ಸ್ನೇಹಿತ ಲಿಖಿತ್ ಮಾಡಿದ ಘನಕಾರ್ಯ ಕೇಳಿ. ಸ್ವಂತ ಅಂಗಡಿ ಬಾಗಿಲು ತೆಗೆಯಲು ಮೈಗಳ್ಳ, ಫ್ಲೆಕ್ಸ್ ಕಟ್ಟಿಸಲು ಎಲ್ಲರಿಗಿಂತ ಮುಂದು. ಶನಿವಾರ ಸಂಘದ ಹುಡುಗರನ್ನು ಸೇರಿಸಿಕೊಂಡು ಬಸ್ ಸ್ಟಾಪಿನ ಹತ್ತಿರ ಆಳೆತ್ತರದ ಫ್ಲೆಕ್ಸ್ ನಿಲ್ಲಿಸಿದ. ಯೂನಿಫಾರ್ಮಿನಲ್ಲಿ ನೀವು, ಸುತ್ತ ಬಾವುಟ, ಕೆಳಗೆ "ನಮ್ಮ ಏರಿಯಾದ ಹೆಮ್ಮೆ ಮನೋಜ್, ಗೆದ್ದು ಬಾ" ಅಂತ ದಪ್ಪ ಅಕ್ಷರ. ಅಷ್ಟಕ್ಕೇ ಬಿಟ್ಟಿದ್ದರೆ ಸರಿಯಿತ್ತು. ಪೂಜೆ ಅಂತ ಅದಕ್ಕೊಂದು ಸೇವಂತಿಗೆ ಹಾರ ಹಾಕಿ, ಊದುಬತ್ತಿ ಹಚ್ಚಿ, ಟೀ ಕುಡಿಯಲು ಹೋಗಿಬಿಟ್ಟರು.

ಅದೇ ಹೊತ್ತಿಗೆ ನಿಮ್ಮಮ್ಮ ಸೊಪ್ಪು ತರಲು ಹೋಗಿದ್ದರು. ಓದು ಬಾರದ ಅತ್ತೆಗೆ ಕಂಡದ್ದು ಮಗನ ಫೋಟೋ, ಹಾರ, ಊದುಬತ್ತಿ. ಅದಕ್ಕೆ ಇನ್ನೇನು ಅರ್ಥ ಮಾಡಿಕೊಳ್ಳಬೇಕು ಹೇಳಿ? ಯಾರನ್ನೂ ಕೇಳಲಿಲ್ಲ. ಸೊಪ್ಪು ಹಿಡಿದುಕೊಂಡು ಸೀದಾ ಮನೆಗೆ ಬಂದರು. ಬಸ್ಸಾರು ಮಾಡಿದರು, ಮುದ್ದೆ ತೊಳಸಿದರು. ಟಿವಿ ಹಾಕಲು ಹೋದರೆ ಕೆಟ್ಟಿದೆ ಅಂದರು. "ಇನ್ನೊಂದ್ ತುತ್ತು ತಿನ್ನಮ್ಮಾ, ಮಗೀಗೆ ಬೇಕು" ಅಂತ ತುಪ್ಪ ಬಡಿಸಿದರು. ನೀವೂ ಬನ್ನಿ ಅಂದರೆ ಹಸಿವಿಲ್ಲ ಅಂದರು. ನಾನು ಪೆದ್ದಿ, ಚಪ್ಪರಿಸಿಕೊಂಡು ತಿನ್ನುತ್ತಲೇ ಇದ್ದೆ.

ಅಷ್ಟರಲ್ಲಿ ಲಿಖಿತ್ ಹಲ್ಲು ಕಿರಿಯುತ್ತಾ ಬಂದ. "ಅತ್ತಿಗೆ, ಅಣ್ಣನ ಫ್ಲೆಕ್ಸ್..." ಅನ್ನುವಷ್ಟರಲ್ಲಿ ಅತ್ತೆ ಓಡಿಹೋಗಿ ಅವನ ಬಾಯಿ ಮುಚ್ಚಿದರು. "ಅವ್ಳು ಉಂಡು ಮುಗ್ಸೋವರ್ಗೂ ಹೇಳ್ಬ್ಯಾಡ್ವೋ, ನಿನ್ ಕಾಲಿಗ್ ಬೀಳ್ತೀನಿ." ಆಗ ಗೊತ್ತಾಯಿತು ರೀ ನಮಗೆ. ಹೆತ್ತ ಕರುಳು ಅಷ್ಟು ಹೊತ್ತು ಹೇಗೆ ತಡೆದುಕೊಂಡಿತೋ! ಅವರನ್ನು ತಬ್ಬಿಕೊಂಡು ಜೋರಾಗಿ ಅತ್ತುಬಿಟ್ಟೆ. ಲಿಖಿತನೂ ಅವರ ಕಾಲು ಹಿಡಿದು ಅತ್ತ. ಅವನಿಗೆ ಚೆನ್ನಾಗಿ ಉಗಿಯಬೇಕು ಅಂತಿದ್ದೆ, ಬಾಯಿ ಬರಲಿಲ್ಲ. ಫ್ಲೆಕ್ಸ್ ಅವತ್ತೇ ಬಿಚ್ಚಿಸಿದ.

ನಿಮ್ಮ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಊರಮ್ಮ ಎಲ್ಲರನ್ನೂ ಕಾಯಲಿ.

ನಿಮ್ಮ
ಅರ್ಪಿತ

ತಾ.ಕ.: ಇದನ್ನು ಮೊದಲೇ ಬರೆಯಬೇಕಿತ್ತು, ಕೈ ಬರಲಿಲ್ಲ. ಅತ್ತೆ ಇನ್ನೂ ನಂಬಿಲ್ಲ. ಫ್ಲೆಕ್ಸಿನಲ್ಲಿದ್ದದ್ದನ್ನು ಓದಿ ಹೇಳಿದೆವು. ಸುಬೇದಾರ್ ಸಾಹೇಬರ ಮಾತನ್ನೂ ಕೇಳಿಸಿದೆವು, ಆ ಹಿಂದಿ ಅವರಿಗೆ ತಿಳಿಯಲಿಲ್ಲ. "ಅವತ್ತು ನಾನ್ ನಿನ್ನಿಂದ ಮುಚ್ಚಿಟ್ಟೆ. ಈಗ ನೀವೆಲ್ಲಾ ಸೇರ್ಕೊಂಡು ನನ್ನಿಂದ ಮುಚ್ಚಿಡ್ತಿದ್ದೀರಾ" ಅನ್ನುತ್ತಾರೆ. ಒಂದು ಹೊತ್ತು ಉಂಡರೆ ಇನ್ನೊಂದು ಹೊತ್ತಿಲ್ಲ. ಫೋನ್ ಸಿಕ್ಕರೆ ಮೊದಲು ಅವರ ಹತ್ತಿರ ಮಾತಾಡಿ. ಸಿಗದಿದ್ದರೆ, ನಿಮಗೂ ಅವರಿಗೂ ಬಿಟ್ಟು ಬೇರೆ ಯಾರಿಗೂ ಗೊತ್ತಿಲ್ಲದ ಒಂದು ಮಾತು ಬರೆದು ಕಳಿಸಿ. ನಾನು ಓದಿ ಹೇಳುತ್ತೇನೆ. ನನಗೆ ಅರ್ಥವಾಗದಿದ್ದರೇ ಒಳ್ಳೆಯದು.