ಕ್ಯಾಮೆರಾಕ್ಕ ಕುಂಕುಮ

ಅವ್ವಾ,

ನೀ ಹೋಗಿ ವರ್ಷಾತು, ಇದನ್ನ ಓದಂಗಿಲ್ಲ ಅಂತ ಗೊತ್ತದ. ಆದ್ರೂ ಇವತ್ತಿನ ಸಿಟ್ಟು ನಿನ್ನ ಬಿಟ್ಟು ಯಾರ ಮುಂದ ಹೇಳ್ಲಿ?

ನಮ್ಮ ಸೈಕಾಲಜಿ ಕ್ಲಾಸಿನವ್ರಿಗಿ ಕಲಿಯಾಕಂತ ಹೊಸಾ ಕೌನ್ಸೆಲಿಂಗ್ ಕೋಣಿ ಶುರು ಮಾಡಿದ್ರು. ಸರ್ ಬಾಗಲದಾಗ ಕಾಯಿ ಒಡದು, ನಮ್ಮ ಮಾತು ರೆಕಾರ್ಡ್ ಮಾಡೋ ಕ್ಯಾಮೆರಾಕ್ಕೂ ಕುಂಕುಮ ಹಚ್ಚಿದ್ರು. ಆಮ್ಯಾಲ ನಮ್ಮ ಕಡಿ ತಿರುಗಿ, "ಬಂದವ್ರು ದೇವ್ರು ದಿಂಡ್ರು ಅಂದ್ರ ಮಾತು ತಿರುಗಿಸ್ರಿ, ಅದು ನಮ್ಮ ಕೆಲಸ ಅಲ್ಲ" ಅಂದ್ರು. ಬೆರಳಾಗಿನ ಕುಂಕುಮ ಇನ್ನೂ ಒರಸ್ಕೊಂಡಿರಲಿಲ್ಲ, ನೋಡು!

ಮೊದಲ ಪಾಳಿ ನಂದೇ. ಕೊಳಕೂರ ಹಳ್ಳಿಯಿಂದ ಒಬ್ಬಾಕಿ ವಯಸ್ಸಾದ ಆಯಿ ಬಂದಿದ್ಲು. "ಮಗ ಸತ್ತಾಗಿಂದ ದೇವರ ಮುಂದ ದೀಪಾ ಹಚ್ಚಿಲ್ಲವ್ವಾ. ಕಡ್ಡಿ ಗೀರ್ತೀನಿ, ಮತ್ತ ಆರಿಸಿ ಬಿಡ್ತೀನಿ" ಅಂದ್ಲು. ನಾ ಕ್ಯಾಮೆರಾದ ಕಡಿ ಒಮ್ಮಿ ನೋಡಿ, "ನಿದ್ದಿ ಹೆಂಗ ಬರ್ತದ್ರಿ?" ಅಂತ ಕೇಳಿದೆ. ಆಕಿ ನನ್ನ ಮಾರಿ ನೋಡಿ, "ಛಲೋ ಬರ್ತದ" ಅಂದು, ಸೆರಗು ಹೊತ್ಕೊಂಡು ಎದ್ದೇ ಬಿಟ್ಲು.

ಸರ್ ಎಲ್ಲಾರಿಗೂ ಆ ವಿಡಿಯೋ ತೋರಿಸಿ, "ರಾಧಿಕಾ ಎಷ್ಟು ಛಂದ ಮಾತು ತಿರುಗಿಸ್ಯಾಳ ನೋಡ್ರಿ!" ಅಂದ್ರು. ಕ್ಲಾಸಿಗಿ ಕ್ಲಾಸೇ ಚಪ್ಪಾಳಿ ಹೊಡೀತು. ಚಪ್ಪಾಳಿ, ಅವ್ವಾ!

ಆಳಂದಕ್ಕ, ನಮ್ಮ ಮನಿಗಿ ಬಂದಾಕಿನೇ ನಿನ್ನ ಟ್ರಂಕ್ ತಗದೆ. ಅಪ್ಪ ಹೋದ ಮ್ಯಾಲ ನೀ ಬುದ್ಧನ ಫೋಟೋದ ಮುಂದ ಮೇಣಬತ್ತಿ ಹಚ್ಚೋದು ಬಿಟ್ಟಾಗ, ನಾ ನಿನಗ ನಿದ್ದಿ ಗುಳಗಿ ತಂದು ಕೊಟ್ಟಿದ್ನಲ್ಲ? ಅವು ಮೇಣಬತ್ತಿ ಬಾಜೂಕ ಹಂಗೇ ಅದಾವ. ಒಂದೂ ನುಂಗಿಲ್ಲ ನೀ.

ರಾಧಿ